ಗಾಳೆಪ್ಪ ತಂದ ಡಿಜೆ ಸೆಟ್ಟು

ಬನ್ನಿ, ಕೂತುಕೊಳ್ಳಿ. ನಗುವವರು ಮುಂದೆ ಕೂತುಕೊಳ್ಳಿ, ಮುಖ ಗಂಟು ಹಾಕುವವರು ಹಿಂದೆ ಹೋಗಿ.

ಒಬ್ಬಳು ಅವ್ವ ಇದ್ದಳು, ಅವಳಿಗೊಬ್ಬ ಮಗ ಇದ್ದ. ಅವ್ವ ಹುಲಿಗೆಮ್ಮ, ಮಗ ಗಾಳೆಪ್ಪ. ಗಂಗಾವತಿಗೆ ಹತ್ತಿರದ ಒಂದು ಊರು, ಊರಿನ ಕೊನೆಗೆ ಕೇರಿ, ಕೇರಿಯ ಕೊನೆಗೆ ಅವರ ಮನೆ. ಗಾಳೆಪ್ಪ ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು. ಬುದ್ಧಿ ಮಾತ್ರ ಈಗ ಬಂದೆ, ಆಗ ಬಂದೆ ಅನ್ನುತ್ತ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿತ್ತು. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತ ಕೂರುವವನು. ನಾಯಿ ಕೋಳಿಯನ್ನು ಕಚ್ಚಿಕೊಂಡು ಹೋದರೂ ಕತ್ತು ತಿರುಗಿಸದವನು.

"ಇಂಥವನ್ನ ಹಡೆದು ಏನ್ ಮಾಡ್ಲಿ ಯವ್ವಾ!" ಅಂತ ಹುಲಿಗೆಮ್ಮ ಹಣೆ ಬಡಿದುಕೊಳ್ಳುವಳು. ಬಡಿದುಕೊಂಡು, ಅದೇ ಕೈಯಿಂದ ಅವನಿಗೆ ರೊಟ್ಟಿ ಬಡಿಯುವಳು.

ಅವಳ ಗಂಡ ಹಲಗೆ ಬಾರಿಸುವವನು. ಮೂವತ್ತು ವರ್ಷ ಬಾರಿಸಿದ. ಮದುವೆಗೆ ಅವನ ಹಲಗೆ ಬೇಕು, ಹೆಣಕ್ಕೆ ಅವನ ಹಲಗೆ ಬೇಕು, ಪಂಗತಿಗೆ ಮಾತ್ರ ಅವನು ಬೇಡ. ಎಲ್ಲರೂ ಉಂಡು ಎದ್ದ ಮೇಲೆ, ಚಪ್ಪರದ ಹೊರಗೆ, ಬಿಸಿಲಲ್ಲಿ ಅವನ ಊಟ. ಆಮೇಲೆ ಊರಿಗೆ ಡಿಜೆ ಬಂತು. ಟ್ರಾಕ್ಟರಿನ ಮೇಲೆ ಗೋಡೆಯಷ್ಟು ದೊಡ್ಡ ಪೆಟ್ಟಿಗೆಗಳು. ಹಲಗೆಯವನನ್ನು ಕರೆಯುವುದು ನಿಂತಿತು. ಗೋಡೆಗೆ ತೂಗುಹಾಕಿದ ಹಲಗೆಯನ್ನು ನೋಡುತ್ತ ನೋಡುತ್ತಲೇ ಆ ಮನುಷ್ಯ ತೀರಿಹೋದ.

ಉಳಿದದ್ದು ಒಂದು ಕ್ಯಾಸೆಟ್ಟು. ಯಾರದೋ ಮದುವೆಯಲ್ಲಿ ಯಾರೋ ಪುಣ್ಯಾತ್ಮ ಅವನ ಹಲಗೆಯ ದನಿಯನ್ನು ತುಂಬಿಸಿ ಕೊಟ್ಟಿದ್ದು. ಹುಲಿಗೆಮ್ಮ ದಿನಾ ಅದನ್ನು ಹಚ್ಚಿಕೊಂಡು ಕೇಳುವಳು. ಒಂದು ದಿನ ಹಳೇ ಟೇಪ್ ರೆಕಾರ್ಡರಿನ ಸ್ಪೀಕರು ಹರಿದು ಗೊರಗೊರ ಅಂದು ಸುಮ್ಮನಾಯಿತು. ಅವತ್ತಿನಿಂದ ಆ ಮನೆಯಲ್ಲಿ ಪಾತ್ರೆ ಬಿದ್ದರೂ ಅವಳು ತಿರುಗಿ ಗೋಡೆಯ ಕಡೆ ನೋಡುವಳು.

ಮೂರು ವರ್ಷ ಸುಮ್ಮನಿದ್ದಳು. ಆಮೇಲೆ ಒಂದು ದಿನ ಸಾಕಿದ ಆಡುಗಳನ್ನು ಮಾರಿ, ಬಂದದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗಂಗಾವತಿಯ ಸೌಂಡ್ ಅಂಗಡಿ ಖಾಜಾಸಾಬನ ಮುಂದೆ ನಿಂತಳು.

"ಡಿಜೆ ಪೆಟ್ಟಿಗಿ ನನ್ನ ಗಂಡನ ದನಿ ನುಂಗಿದ್ವು, ಸಾಹೇಬ್ರ. ಅಂಥಾ ಪೆಟ್ಟಿಗಿ ನನ್ನ ಮನಿಗೂ ಬೇಕು. ಅದರಾಗ ಅವನ ಹಲಗಿ ಬರಬೇಕು. ಕೇರಿ ತುಂಬ ಕೇಳಬೇಕು. ಒಂದ ಸಲ ಕೇಳಿದ್ರ ನನಗ ಸಾಕು."

ಖಾಜಾಸಾಬ ದೊಡ್ಡ ಮನಸ್ಸಿನವನು. "ಮನಿ ಡಿಜೆ ಅಂದ್ರ ಎರಡು ಪೆಟ್ಟಿಗಿ ಬೇಕು, ಒಂದು ಹೆಡ್‌ಫೋನ್, ಒಂದು ಮೈಕು, ಎಲ್ಲಾ ಕೂಡಿಸಾಕ ಒಂದು ಮಿಕ್ಸರ್ ಬೇಕವ್ವ. ಒಂದೊಂದ ಆರಿಸಿ ಒಯ್ರಿ. ಕೊನೀಗೆ ನಾನ ಬಂದು ಜೋಡಸ್ತೀನಿ. ಕ್ಯಾಸೆಟ್ ಹಳೇದು, ಮತ್ತ ಮತ್ತ ಓಡಸಾಕ ಆಗಂಗಿಲ್ಲ. ಒಮ್ಮೆ ಸರಿಯಾಗಿ ಓಡಿಸಿ ಕಂಪ್ಯೂಟರ್‌ನಾಗ ಹಿಡಿದಿಡೂಣು," ಅಂದ.

"ಮೈಕು ಯಾಕ್ರಿ?"

"ಹಲಗಿ ಯಾರದು ಅಂತ ಮೊದ್ಲ ನೀವು ಹೆಸರು ಹೇಳಬ್ಯಾಡೇನು?"

ಹುಲಿಗೆಮ್ಮ ಬೆಚ್ಚಿದಳು. ಗಂಡನ ಹೆಸರನ್ನು ಅವಳು ಮದುವೆಯಾದಾಗಿನಿಂದ ಬಾಯಿಬಿಟ್ಟು ಆಡಿದವಳಲ್ಲ.

ದುಡ್ಡನ್ನು ಖಾಜಾಸಾಬನ ಹತ್ತಿರವೇ ಇಟ್ಟು ಬಂದಳು. ಸಾಮಾನು ಆರಿಸಲು ತಾನೇ ಹೋಗಬೇಕಿತ್ತು. ಹೇಗೆ ಹೋಗುತ್ತಾಳೆ? ರೈಸ್ ಮಿಲ್ಲಿನ ಕೂಲಿ. ಇವತ್ತು ಬರಲಿಲ್ಲ ಅಂದರೆ ನಾಳೆಯೂ ಬರಬೇಡ ಅನ್ನುವ ಧಣಿ. ಮಗನನ್ನೇ ಕಳಿಸಿದಳು.

"ಪೆಟ್ಟಿಗಿ ದೊಡ್ಡದೈತಿ ಅಂತ ಮಳ್ಳಾಗಬ್ಯಾಡ. ದೀಪ ಮಿಂಚತಾವು ಅಂತ ಮಳ್ಳಾಗಬ್ಯಾಡ. ಕಿವಿ ಹಚ್ಚಿ ಕೇಳು, ಆಮ್ಯಾಲ ಆರಿಸು."

"ಆತವ್ವ. ಕಿವಿ ಹಚ್ಚಿ ಕೇಳ್ತೀನಿ."

ಹೋದ. ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆ ಯಾವುದೋ ಅದರ ಬಾಯಿಗೆ ಕಿವಿ ಒತ್ತಿ ಕೂತ. "ಹಚ್ರಿ ಸಾಹೇಬ್ರ!"

"ಏ, ಹಿಂದಕ್ಕ ಸರಿಯೋ!"

"ಇಲ್ರಿ. ಅವ್ವ ಕಿವಿ ಹಚ್ಚಿ ಕೇಳಂದಾಳ."

ಸಾಬ ಹೇಳಿ ಹೇಳಿ ಸೋತ. ಇವನೇ ಕಲಿಯಲಿ ಅಂತ ಗುಂಡಿ ಒತ್ತಿದ. ಧಡ್! ಗಾಳೆಪ್ಪ ವಯರಿನ ರಾಶಿಯ ಮೇಲೆ ಅಂಗಾತ ಬಿದ್ದ. ಬರಿಗೈಯಲ್ಲಿ ಮನೆಗೆ ಬಂದ. ಎರಡು ದಿನ ಏನು ಕೇಳಿದರೂ "ಹ್ಞಾಂ?" ಉಣ್ಣು ಅಂದರೆ "ಹ್ಞಾಂ?" ಮಲಗು ಅಂದರೆ "ಹ್ಞಾಂ?"

"ಹುಚ್ಚಪ್ಯಾಲಿ! ಕೇಳೂದಂದ್ರ ದೂರ ನಿಂತು ಕೇಳಬೇಕೋ! ಓಣಿ ಆ ತುದೀಗೆ ಹೋಗಬೇಕು, ಗ್ವಾಡಿಗೆ ಬೆನ್ನು ಹಚ್ಚಬೇಕು, ಅಲ್ಲಿಗೆ ದನಿ ಮುಟ್ಟತೈತೋ ಇಲ್ಲೋ ನೋಡಬೇಕು!"

"ಆತವ್ವ. ಮುಂದಿನ ಸಲ ಹಂಗ ಮಾಡ್ತೀನಿ."

ಮುಂದಿನ ಸಲ ಹೆಡ್‌ಫೋನ್ ತರಲು ಹೋದ. ಒಂದನ್ನು ಎತ್ತಿಕೊಂಡ, ಅಂಗಡಿಯ ಮೊಳೆಗೆ ತೂಗುಹಾಕಿದ, "ಹಚ್ರಿ ಸಾಹೇಬ್ರ!" ಅಂದು ಓಡಿದ. ಓಣಿಯ ಆ ತುದಿಗೆ, ಬಸ್ ಸ್ಟ್ಯಾಂಡಿನ ಗೋಡೆಗೆ ಬೆನ್ನು ಹಚ್ಚಿ, ಕಿವಿಗೆ ಕೈ ಕೊಟ್ಟು ನಿಂತ. ಆಟೋದವರು ನಿಂತು ನೋಡಿದರು. ಹಣ್ಣಿನವಳು ತಕ್ಕಡಿ ಇಳಿಸಿ ನೋಡಿದಳು. ಇವನು ವಾಪಸು ಬಂದು ತಲೆಯಾಡಿಸಿದ. "ಕೆಟ್ಟೈತ್ರಿ. ಏನೂ ಕೇಳವಲ್ದು." ಇನ್ನೊಂದನ್ನು ತೂಗುಹಾಕಿದ, ಮತ್ತೆ ಓಡಿದ. ಹೀಗೆ ಹನ್ನೊಂದು ಹೆಡ್‌ಫೋನ್! ಹನ್ನೊಂದೂ ಕೆಟ್ಟವು! ಬರಿಗೈಯಲ್ಲಿ ಮನೆಗೆ ಬಂದ.

"ನಿನ್ನ ಬುದ್ಧೀಗೆ ಬೆಂಕಿ ಹಾಕ! ಅವು ತಲಿ ಮ್ಯಾಲ ಹಾಕ್ಕೊಳ್ಳೂವೋ! ಎರಡು ಕಿವೀಗೆ ಎರಡು ಬರಂಗ ಗಟ್ಟಿಯಾಗಿ ಬಿಗಕೊಂಡು, ಕೇಳ್ಕೊಂತ ಮನೀಗೆ ಬರಬೇಕು!"

"ಆತವ್ವ. ಮುಂದಿನ ಸಲ ಹಂಗ ಮಾಡ್ತೀನಿ."

ಮೂರನೇ ಸಲ ಹೋದಾಗ ಹೆಡ್‌ಫೋನನ್ನು ಖಾಜಾಸಾಬನೇ ಆರಿಸಿ, ಎರಡು ಸ್ಪೀಕರ್ ಪೆಟ್ಟಿಗೆಯ ಜತೆ ಅವನ ಕೈಗೆ ಕೊಟ್ಟ. ಗಾಳೆಪ್ಪ ಹೆಡ್‌ಫೋನನ್ನು ನೋಡಿದ. ಒಂದೇ ಇತ್ತು, ಜೇಬಿಗೆ ತುರುಕಿದ. ಪೆಟ್ಟಿಗೆಗಳನ್ನು ನೋಡಿದ. ಎರಡು! ಕಿವಿಯೂ ಎರಡು! ತಲೆಗೆ ಸುತ್ತಿದ್ದ ಅಪ್ಪನ ಕೆಂಪು ರುಮಾಲು ಬಿಚ್ಚಿದ, ಆ ಕಿವಿಗೊಂದು ಈ ಕಿವಿಗೊಂದು ಪೆಟ್ಟಿಗೆ ಇಟ್ಟು ಗಲ್ಲದ ಕೆಳಗೆ ಗಂಟು ಹಾಕಿ ಬಿಗಿದ. ಬಸ್ಸಿನ ಬಾಗಿಲಲ್ಲಿ ತಲೆ ಹಿಡಿಸಲಿಲ್ಲ. ಕಂಡಕ್ಟರು "ಏ ಪೆಟ್ಟಿಗಿ ತಲಿಯಾವ, ಇಳಿ ಕೆಳಗ!" ಅಂದದ್ದು ಕೇಳಿಸಲೂ ಇಲ್ಲ. ನಡೆದೇ ಬಂದ. ಹಿಂದೆ ಬಂದ ಲಾರಿಯ ಹಾರನ್ ಇವನಿಗೆ ಕೇಳಿಸಲಿಲ್ಲ, ಲಾರಿಯವನೇ ಲಾರಿಯನ್ನು ಹೊಲಕ್ಕೆ ಇಳಿಸಿಕೊಂಡು ಹೋದ. ಬಾಗಿಲಿಗೆ ಬರುವಷ್ಟರಲ್ಲಿ ಕಿವಿ ತರಚಿ ಹಣ್ಣಾಗಿದ್ದವು.

ಹುಲಿಗೆಮ್ಮ ಅವನ ಕಿವಿಗೆ ಎಣ್ಣೆ ಹಚ್ಚುತ್ತ ಬೈದಳು, ಬೈಯುತ್ತ ಅತ್ತಳು. "ಭಾರದ ಸಾಮಾನು ಮೈಮ್ಯಾಲ ಕಟ್ಕೊಂತಾರೇನೋ! ನೆಲದ ಮ್ಯಾಲ ಇಡಬೇಕು! ಧೂಳು ಬೀಳಬಾರದು ಅಂತ ಕೌದಿ ಹೊಚ್ಚಬೇಕು!"

"ಆತವ್ವ. ಮುಂದಿನ ಸಲ ಹಂಗ ಮಾಡ್ತೀನಿ."

ಮೈಕು ಬಂತು. ನೆಲದ ಮೇಲೆ ಇಟ್ಟ, ಮೂರು ಕೌದಿ ಹೊಚ್ಚಿದ. "ಈಗ ಮಾತಾಡವ್ವ!" ಹುಲಿಗೆಮ್ಮ ಕೌದಿಯ ರಾಶಿಯನ್ನು ನೋಡಿದಳು, ಮಗನನ್ನು ನೋಡಿದಳು.

"ಅದೇನು ಬಾಣಂತಿಯೇನೋ, ಬೆಚ್ಚಗ ಮಲಗಸಾಕ! ಬಾಯಿ ಹತ್ರ ಹಿಡಿಬೇಕೋ! ಉಫ್ ಉಫ್ ಅಂತ ಊದಬೇಕು, ಎದ್ದೈತೋ ಇಲ್ಲೋ ನೋಡಬೇಕು!"

"ಆತವ್ವ. ಮುಂದಿನ ಸಲ ಹಂಗ ಮಾಡ್ತೀನಿ."

ಮುಂದಿನ ಸಲ ಮಿಕ್ಸರು. ಅದಕ್ಕೋ ಮೈತುಂಬ ತೂತು. ಬಸ್ಸಿನಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತ ಒಂದೊಂದೇ ತೂತಿಗೆ ಬಾಯಿಟ್ಟು ಊದುತ್ತ ಬಂದ. ಉಫ್! ಏಳಲಿಲ್ಲ. ಉಫ್ ಉಫ್! ಏಳಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಅದರ ಹೊಟ್ಟೆಯೊಳಗೆ ಅರ್ಧ ಮಂಡಕ್ಕಿ, ಒಂದು ಲೋಟ ಎಂಜಲು. ಕರೆಂಟು ಕೊಟ್ಟರೆ ನೆಗಡಿಯಾದವರ ಹಾಗೆ ಗುರ್ ಗುರ್ ಅಂದಿತು.

"ತ್ಯಾವ ಕುಡಿದು ದನಿ ಮಂಕಾತು ನೋಡೋ ಪಾಪಿ! ಮಂಕಾದ ದನೀಗೆ ಕಾವು ಬೇಕು, ಉಗುಳಲ್ಲ! ಹಲಗಿ ಮಂಕಾದ್ರ ನಿಮ್ಮಪ್ಪ ಏನ್ ಮಾಡ್ತಿದ್ದ? ಹುಲ್ಲಿನ ಬೆಂಕಿ ತೋರಸ್ತಿದ್ದ. ಬೆಂಕಿ ಕಂಡಕೂಡ್ಲೆ ಗಣಗಣ ಅಂತಿತ್ತು!"

ಹೇಳುತ್ತ ಹೇಳುತ್ತ ಅವಳ ಬೈಗುಳ ನಿಂತಿತು. ಚಪ್ಪರದ ಹಿಂದೆ ಕುಕ್ಕರಗಾಲಲ್ಲಿ ಕೂತು ಹಲಗೆಯನ್ನು ಉರಿಯ ಮೇಲೆ ತಿರುಗಿಸುವ ಮನುಷ್ಯ ಕಣ್ಣಮುಂದೆ ಬಂದ. ಬೆರಳಿನಿಂದ ಚರ್ಮವನ್ನು ತಟ್ಟಿ, ಕಿವಿಗೊಟ್ಟು, ಅವಳ ಕಡೆ ನೋಡಿ ನಗುತ್ತಿದ್ದ. ಆ ಒಂದು ತಟ್ಟು. ಅಷ್ಟು ಸಿಕ್ಕರೂ ಸಾಕಿತ್ತು ಅವಳಿಗೆ.

"ಆತವ್ವ," ಅಂದ ಗಾಳೆಪ್ಪ. "ಮುಂದಿನ ಸಲ ಹಂಗ ಮಾಡ್ತೀನಿ."

ಮಿಕ್ಸರನ್ನು ಅವಳೇ ನಾಲ್ಕು ದಿನ ಬಿಸಿಲಿಗಿಟ್ಟಳು. ಗುರ್ ಗುರ್ ಹೋಯಿತು. ಭಾನುವಾರ ಮಿಲ್ಲಿಗೆ ರಜೆ. ಬೆಳಿಗ್ಗೆ ಖಾಜಾಸಾಬ ಬಂದ, ವಯರು ಎಳೆದ, ಪೆಟ್ಟಿಗೆ ಕೂರಿಸಿದ, ಹಳೇ ಟೇಪ್ ರೆಕಾರ್ಡರನ್ನು ಮಿಕ್ಸರಿಗೆ ಜೋಡಿಸಿದ. ಹುಲಿಗೆಮ್ಮ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಒಗೆದ ಸೀರೆ ಉಟ್ಟು ಕೂತಿದ್ದಳು. ಕ್ಯಾಸೆಟ್ಟು ತಿರುಗಿತು.

ಬೊಪ್. ಬೊಪ್. ಬೊಪ್. ನೆನೆದ ಗೋಣಿಚೀಲವನ್ನು ಬಡಿದ ಹಾಗೆ.

"ಇದಲ್ರಿ," ಅಂದಳು ಹುಲಿಗೆಮ್ಮ. "ಇದಲ್ಲ ಅವನ ದನಿ. ಮಂಕಾಗೇತಿ."

"ಕ್ಯಾಸೆಟ್ ಚಲೋ ಐತವ್ವ. ಟೇಪಿನ ಹೆಡ್ಡು ಹೊಲಸಾಗೇತಿ, ಅಷ್ಟ. ಅಂಗಡಿಯಿಂದ ಸ್ಪಿರಿಟ್ ತಂದು ಒರಸ್ತೀನಿ." ಖಾಜಾಸಾಬ ಕ್ಯಾಸೆಟ್ಟನ್ನು ಹೊರಗೆ ತೆಗೆದಿಟ್ಟು ಗಾಡಿ ಹತ್ತಿದ. ಹುಲಿಗೆಮ್ಮ ಕೊಡ ಎತ್ತಿಕೊಂಡು ನೀರಿಗೆ ಹೋದಳು.

ಮಂಕಾಗೇತಿ ಅಂದಳಲ್ಲ ಅವ್ವ? ಮಂಕಾದರೆ ಏನು ಮಾಡಬೇಕು ಅಂದಿದ್ದಳು?

ಗಾಳೆಪ್ಪ ಹಿತ್ತಲಲ್ಲಿ ಹುಲ್ಲು ಗುಡ್ಡೆ ಹಾಕಿದ. ಕಡ್ಡಿ ಗೀರಿದ. ಕುಕ್ಕರಗಾಲಲ್ಲಿ ಕೂತು, ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಉರಿಯ ಮೇಲೆ ಅತ್ತ ತಿರುಗಿಸಿದ, ಇತ್ತ ತಿರುಗಿಸಿದ.

ಹುಲಿಗೆಮ್ಮ ಕೊಡ ಹೊತ್ತು ಬಂದಾಗ ಅವನ ಬೆರಳಿಂದ ಕಪ್ಪಗೆ ಏನೋ ತೊಟ್ಟಿಕ್ಕುತ್ತಿತ್ತು. "ಇನ್ನೂ ಗಣಗಣ ಅನ್ನವಲ್ದವ್ವ," ಅಂದ.

ಕೊಡ ಬಿತ್ತು. ಅವಳು ಅಲ್ಲೇ ಕೂತಳು. ಬೈಯಲಿಲ್ಲ. ಏನಂತ ಬೈಯುತ್ತಾಳೆ? ಮಾತು ಅವಳದೇ. ಹಣೆ ಬಡಿದುಕೊಳ್ಳಲಿಲ್ಲ. ಕೈ ಮೇಲೇಳಲಿಲ್ಲ.

ಗಾಳೆಪ್ಪನಿಗೆ ಭಯವಾಯಿತು. ಸುಟ್ಟ ಬೆರಳಿಗಲ್ಲ, ಆ ಸುಮ್ಮನಿರುವುದಕ್ಕೆ. "ಬೈಯವ್ವ. ಯಾಕ ಬೈಯವಲ್ಲಿ? ನೀ ಬೈದು ಹೇಳಿದ್ರಲ್ಲೇನು ನನಗ ಗೊತ್ತಾಗೂದು, ಮುಂದಿನ ಸಲ ಏನ್ ಮಾಡಬೇಕಂತ!"

"ಮುಂದಿನ ಸಲ ಇಲ್ಲೋ ನನ್ನಪ್ಪ." ಅವಳ ದನಿ ಇಷ್ಟೇ ಇಷ್ಟು ಇತ್ತು. "ನನಗ ಆ ದನಿ ಬೇಕಿತ್ತು. ಎಲ್ಲಿಂದ ತರ್ತಿ? ತಾ ನೋಡೂಣು."

"ಆತವ್ವ. ತರ್ತೀನಿ."

ಗೋಡೆಯ ಹಲಗೆಯನ್ನು ಇಳಿಸಿದ. ಗಂಡ ಸತ್ತ ಮೇಲೆ ಅದನ್ನು ಮುಟ್ಟಗೊಟ್ಟವಳಲ್ಲ ಹುಲಿಗೆಮ್ಮ. ನನ್ನ ಮಗ ಇನ್ನೊಬ್ಬರ ಅಂಗಳದ ಬಿಸಿಲಲ್ಲಿ ನಿಲ್ಲಬಾರದು ಅಂತ ಹಟ ಹಿಡಿದವಳು. ಈಗ ಅವನ ಕೈಯನ್ನೇ ನೋಡುತ್ತ ಕೂತಳು. ಅವನು ಧೂಳು ಒರೆಸಿದ. ಉಳಿದ ಉರಿಗೆ ಹಲಗೆಯನ್ನು ತೋರಿಸಿದ. ಬೆರಳಿನಿಂದ ತಟ್ಟಿದ.

ಗಣ್!

ಬಾರಿಸಿದ. ಚಿಕ್ಕವನಿದ್ದಾಗ ಅಪ್ಪ ಒಂದೇ ಮಾತು ಹೇಳಿದ್ದ: ನನ್ನ ಕೈ ನೋಡು, ಅಷ್ಟೇ ಮಾಡು. ಅಷ್ಟೇ ಮಾಡಿದ. ಒಂದು ಪೆಟ್ಟು ಹೆಚ್ಚಿಲ್ಲ, ಒಂದು ಪೆಟ್ಟು ಕಡಿಮೆಯಿಲ್ಲ. ಕ್ಯಾಸೆಟ್ಟಿನಲ್ಲಿ ಅಪ್ಪ ಕೆಮ್ಮುವ ಕಡೆ ಇವನೂ ಕೆಮ್ಮಿದ. ಯಾವುದೋ ಕೂಸು ಅಳುವ ಕಡೆ ಅತ್ತ. ಹುಲಿಗೆಮ್ಮ ಕಣ್ಣು ಮುಚ್ಚಿದಳು. ತೆರೆಯಲು ಧೈರ್ಯವಾಗಲಿಲ್ಲ.

ಬಾರಿಸುತ್ತ ಬಾರಿಸುತ್ತ ಫಕ್ಕನೆ ನಿಲ್ಲಿಸಿದ. ಮೂಗು ಮೇಲೆತ್ತಿ, ಯಾರದೋ ದನಿಯಲ್ಲಿ ಕೂಗಿದ: "ಸಾಕು ನಿಲ್ಸಲೇ! ಡಿಜೆ ಬಂತು! ಆ ಕಡೆ ಸರಿ!"

ಕೋಲು ಕೆಳಗಿಟ್ಟ. ಎದ್ದು ಆ ಕಡೆ ಸರಿದು ನಿಂತ.

"ಯಾಕೋ ನಿಲ್ಲಿಸಿದಿ?"

"ಕ್ಯಾಸೆಟ್ಟಿನಾಗ ಅಷ್ಟ ಐತವ್ವ."

ಹುಲಿಗೆಮ್ಮ ಎದ್ದಳು. ಕಣ್ಣು ಕೆಂಡವಾಗಿತ್ತು. "ಇದು ನನ್ನ ಮನಿ! ಇಲ್ಲಿ ಸಾಕು ಅನ್ನಾಕ ಯಾವನಿಗೂ ಹಕ್ಕಿಲ್ಲ! ನಡುವ ಕೂಡು! ನಾ ಸಾಕು ಅನ್ನೂತನ ಬಾರಿಸು!"

"ಆತವ್ವ. ನೀ ಸಾಕು ಅನ್ನೂತನ ಬಾರಿಸ್ತೀನಿ."

ಅವಳೇ ಮಿಕ್ಸರಿನ ಗುಂಡಿ ಒತ್ತಿದಳು. ಮೈಕನ್ನು ಬಾಯಿಯ ಹತ್ತಿರ ಹಿಡಿದು ಎರಡು ಸಲ ಊದಿದಳು. "ಇದು ಯಮನೂರಪ್ಪನ ಹಲಗಿ," ಅಂದಳು. ಪೆಟ್ಟಿಗೆಗಳು ಕೇರಿಗೆಲ್ಲ ಹೇಳಿದವು. "ನನ್ನ ಗಂಡ ಯಮನೂರಪ್ಪನ ಹಲಗಿ. ಬಾರಸಾವ ಅವನ ಮಗ ಗಾಳೆಪ್ಪ."

ಮೈಕನ್ನು ಹಲಗೆಯ ಮುಂದಿಟ್ಟಳು.

ಖಾಜಾಸಾಬ ಸ್ಪಿರಿಟ್ ಸೀಸೆ ಹಿಡಿದು ಬಂದವನು ಬಾಗಿಲಲ್ಲೇ ನಿಂತ. ಕೇರಿಯವರು ಬಂದು ಕುಣಿದರು, ಕುಣಿದು ದಣಿದು ಕೂತರು. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಮೇಲಿನ ಓಣಿಯವರು ಓಡಿ ಬಂದರು. "ಏ ಗಾಳ್ಯಾ, ಸಾಕು ಮಾಡಲೇ!"

"ನೀವು ನಮ್ಮವ್ವ ಅಲ್ರೀ!" ಅಂದ ಗಾಳೆಪ್ಪ. ಬಾರಿಸಿದ.

"ಹುಲಿಗೆವ್ವಾ, ಅವನ ಕೈ ನೋಡವ್ವ! ಸಾಕು ಅನ್ನ, ಒಂದ ಮಾತು!"

ಹುಲಿಗೆಮ್ಮ ರೊಟ್ಟಿ ಮುರಿದು ಬಾರಿಸುವವನ ಬಾಯಿಗೆ ತುತ್ತಿಡುತ್ತಿದ್ದಳು. ಅವನ ಹಣೆಯ ಬೆವರು ಒರೆಸುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಆಡುವುದಾದರೂ ಹೇಗೆ? ಆ ಪದ ಎಲ್ಲಿ ಜಾರಿ ಹೊರಗೆ ಬಿದ್ದೀತೋ ಅಂತ, ಗಂಡನ ಕೆಂಪು ರುಮಾಲಿನಿಂದ ತನ್ನ ಬಾಯಿಯನ್ನು ತಾನೇ ಬಿಗಿದು ಕಟ್ಟಿಕೊಂಡಿದ್ದಳು.