ಬೆಣ್ಣೆ ಕೂಡುವ ಹೊತ್ತು

"ಗುರುಗಳೇ, ನೀವು ಹೋದ ಮೇಲೆ ನಾನು ಯಾರನ್ನು ಕೇಳಲಿ?"

ಕೇಳಿದವನು ಮರುಳಯ್ಯ. ಇಪ್ಪತ್ತೆರಡು ವರ್ಷದಿಂದ ಗುರುಗಳ ಬಳಿಯೇ ಇದ್ದ ಶಿಷ್ಯ. ಅವನ ಗಡ್ಡದಲ್ಲೂ ಆಗಲೇ ನರೆ ಕಾಣಿಸಿಕೊಂಡಿತ್ತು. ಗುರುಗಳಿಗೆ ಎಂಬತ್ತು ದಾಟಿತ್ತು. ಮುಂದಿನ ತಿಂಗಳಿನಿಂದ ಮಠದ ಪಾಠವನ್ನೆಲ್ಲ ಮರುಳಯ್ಯನೇ ನಡೆಸಬೇಕೆಂದು ಅವರು ಹೇಳಿದ್ದರು. ಅದನ್ನು ಕೇಳಿದ ದಿನದಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ.

"ಹೋದ ಮೇಲೆ ಅನ್ನುತ್ತೀಯಲ್ಲೋ, ಇನ್ನೂ ಇಲ್ಲೇ ಕೂತಿದ್ದೇನಲ್ಲ," ಎಂದರು ಗುರುಗಳು. "ಕೂತುಕೊ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಮರುಳಯ್ಯ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗೃಹಿಣಿ ಇದ್ದಳು. ಯಾವ ಊರು ಎಂದು ಕೇಳಬೇಡ. ಊರು ಹೇಳಿದರೆ ಅಲ್ಲಿ ನಿನ್ನ ನೆಂಟರು ಯಾರಿದ್ದಾರೆ ಎಂದು ನೆನೆಯುತ್ತಾ ಕೂರುತ್ತೀಯೆ, ಕತೆ ಅಲ್ಲಿಗೆ ಕೆಟ್ಟಿತು. ಅವಳು ತೆಗೆದ ಬೆಣ್ಣೆಗೆ ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರಿತ್ತು. ಎಲೆಯ ಮೇಲೆ ಇಟ್ಟರೆ ಒಂದು ತೊಟ್ಟು ನೀರು ಬಿಡುತ್ತಿರಲಿಲ್ಲ. ಕಾಯಿಸಿದರೆ ಬೀದಿಯ ಆ ತುದಿಗೂ ಘಮ.

ಅವಳಿಗೆ ಮೂವರು ಮಕ್ಕಳು. ಹಿರಿಯಳು ದೇವೀರಿ. ಉಳಿದಿಬ್ಬರು ಚಿಕ್ಕವರು. ಆ ಊರಿನ ಬೇರೆ ಹೆಂಗಸರು ಮೊಸರು ಕಡೆಯುವಾಗ ಮಕ್ಕಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ದೃಷ್ಟಿ ತಾಗುತ್ತದೆ, ಕೈ ಹಾಕುತ್ತೀರಿ, ಆಚೆ ಹೋಗಿ ಎಂದು ಗದರಿಸುತ್ತಿದ್ದರು. ಇವಳು ಹಾಗಲ್ಲ. ಬೆಳಗಾಗುತ್ತಲೇ ಮಕ್ಕಳನ್ನು ತಾನೇ ಕೂಗಿ ಕರೆಯುತ್ತಿದ್ದಳು. ಕಂಬಕ್ಕೆ ಕಡೆಗೋಲು ಕಟ್ಟಿ, ಗಡಿಗೆಯ ಮುಂದೆ ಮಣೆ ಹಾಕಿ ಕೂರಿಸುತ್ತಿದ್ದಳು. ಒಬ್ಬರಾದ ಮೇಲೆ ಒಬ್ಬರು ಹಗ್ಗ ಎಳೆಯಬೇಕು. ನೂರು ಎಳೆತಕ್ಕೆ ಒಬ್ಬರ ಸರದಿ. ಚಿಕ್ಕವನಿಗೆ ಇಪ್ಪತ್ತರ ಮೇಲೆ ಎಣಿಕೆ ಬರುತ್ತಿರಲಿಲ್ಲ. ಇಪ್ಪತ್ತಾದ ಮೇಲೆ ಅವನು ಎಗ್ಗಿಲ್ಲದೆ ನೂರು ಎಂದುಬಿಡುತ್ತಿದ್ದ. ಎಲ್ಲರೂ ನಗುತ್ತಿದ್ದರು.

"ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಿಮಗೇನ್ರಪ್ಪಾ, ಕೈಯೂ ಮೊಸರು, ಬಾಯೂ ಮೊಸರು," ಎಂದು ತಾಯಿ ಅವರ ಮೂತಿ ಒರೆಸುತ್ತಿದ್ದಳು.

ನಿನಗೆ ಮಜ್ಜಿಗೆ ಕುಡಿದು ಗೊತ್ತು, ಕಡೆದು ಗೊತ್ತಿಲ್ಲ. ಅದಕ್ಕೇ ಬಿಡಿಸಿ ಹೇಳುತ್ತೇನೆ. ಮೊದಮೊದಲು ಕಡೆಗೋಲು ಹಗುರವಾಗಿ ತಿರುಗುತ್ತದೆ. ನೊರೆ ಏಳುತ್ತದೆ. ಆಮೇಲೆ ಮೊಸರು ಬಿಗಿಯುತ್ತದೆ, ಹಗ್ಗ ಭಾರವಾಗುತ್ತದೆ. ಅಲ್ಲಿಯವರೆಗೆ ತೋಳಿನಲ್ಲಿ ಕಸುವಿದ್ದರೆ ಸಾಕು, ಯಾರು ಬೇಕಾದರೂ ಎಳೆಯಬಹುದು. ಆಮೇಲೆ ಒಂದು ಹೊತ್ತು ಬರುತ್ತದೆ. ಗಡಿಗೆಯ ಸದ್ದು ಬದಲಾಗುತ್ತದೆ. ಸಾಸಿವೆ ಕಾಳಿನಷ್ಟು ಬೆಣ್ಣೆ ಅಲ್ಲಲ್ಲಿ ತೇಲುತ್ತದೆ. ಆಗ ಎಷ್ಟು ತಣ್ಣೀರು ಹಾಕಬೇಕು, ಎಷ್ಟು ಮೆಲ್ಲಗೆ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಕೈಗೆ ಗೊತ್ತಿರಬೇಕು. ಬಾಯಲ್ಲಿ ಹೇಳಿಕೊಟ್ಟರೆ ಬರುವುದಲ್ಲ. ನೀರು ತಡವಾದರೆ, ಕೈ ಅವಸರ ಮಾಡಿದರೆ, ಕಂಡ ಬೆಣ್ಣೆ ಮತ್ತೆ ಮಜ್ಜಿಗೆಯಲ್ಲೇ ಕಲೆತುಹೋಗುತ್ತದೆ. ಆ ಮೇಲೆ ಮಧ್ಯಾಹ್ನದವರೆಗೆ ಕಡೆದರೂ ಅಷ್ಟೇ.

ಒಂದು ಬೇಸಿಗೆಯಲ್ಲಿ ಹಾಗೇ ಆಯಿತು. ದೇವೀರಿಗೆ ಆಗ ಒಂಬತ್ತು ವರ್ಷ. ತಾಯಿ ಹಸುವಿಗೆ ಹುಲ್ಲು ಹಾಕಲು ಎದ್ದು ಹೋಗಿದ್ದಳು. ಹುಡುಗಿ ಬೆಣ್ಣೆ ಕಂಡ ಖುಷಿಯಲ್ಲಿ ಜೋರಾಗಿ ಎಳೆದಳು. ತಾಯಿ ಬಂದು ನೋಡುವಾಗ ಗಡಿಗೆಯಲ್ಲಿ ಬೆಣ್ಣೆಯೂ ಇಲ್ಲ, ಮಜ್ಜಿಗೆಯೂ ಸರಿಯಿಲ್ಲ. ನಾಲ್ಕು ದಿನದ ಕೆನೆ ಹೋಯಿತು. ತಾಯಿ ಬಯ್ಯಲಿಲ್ಲ. ಆದರೆ ದೇವೀರಿ ಗಡಿಗೆಯನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಸೆರಗಿನಿಂದ ಅವಳ ಕಣ್ಣು ಒರೆಸಿದಳು.

ಅಂದಿನಿಂದ ಅವಳು ಒಂದು ಪದ್ಧತಿ ಮಾಡಿಕೊಂಡಳು. ಮಕ್ಕಳು ಎಳೆಯಲಿ, ಎಣಿಸಲಿ, ನಗಲಿ. ಆದರೆ ಗಡಿಗೆಯ ಸದ್ದು ಬದಲಾದ ಕೂಡಲೇ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಮಗಳ ಕೈಯಿಂದ ಹಗ್ಗ ತೆಗೆದುಕೊಳ್ಳುತ್ತಿದ್ದಳು. "ಸಾಕು ಮಗಳೇ, ಕೈ ನೋಯ್ತದೆ. ಇನ್ನು ನಂಗೆ ಬಿಡು" ಎನ್ನುತ್ತಿದ್ದಳು. ದೇವೀರಿ ಮಣೆ ಬಿಟ್ಟು ಸರಿಯುತ್ತಿದ್ದಳು. ತಾಯಿ ಮುಂದೆ ಕೂರುತ್ತಿದ್ದಳು.

ಮನೆಯಲ್ಲಿ ಅತ್ತೆ ಇದ್ದಳು. ಮುದುಕಿಗೆ ಕಣ್ಣು ಮಂಜಾಗಿತ್ತು, ಬುದ್ಧಿ ಮಂಜಾಗಿರಲಿಲ್ಲ. ಒಂದು ದಿನ ಅವಳು ಹೇಳಿದಳು: "ಇನ್ನೂ ಎರಡು ಗಡಿಗೆ ಕೆಟ್ಟರೆ ಮನೆ ಮುಳುಗೋಲ್ಲ ಕಣೇ. ಕೂಸಿನ ಕೈಲೇ ಬಿಡು."

"ಕೂಸು ಅಳೋದು ನನ್ನಿಂದ ನೋಡೋಕಾಗಲ್ಲ ಅತ್ತೆಮ್ಮ," ಎಂದಳು ಸೊಸೆ.

ಬೆಣ್ಣೆ ಬಂದ ಮೇಲೆ ಮೂವರ ಅಂಗೈಗೂ ಒಂದೊಂದು ಉಂಡೆ. ಅವರು ಮೊಣಕೈವರೆಗೂ ನೆಕ್ಕಿಕೊಂಡು ಕುಣಿಯುತ್ತಿದ್ದರು. ಇದರಲ್ಲಿ ತಪ್ಪೇನಿದೆ ಎಂದು ನೀನು ಕೇಳಬಹುದು. ಆ ದಿನ ಅಲ್ಲಿ ನಿಂತು ನೋಡಿದ್ದರೆ ನಾನೂ ಏನೂ ಇಲ್ಲ ಎನ್ನುತ್ತಿದ್ದೆ. ಊರಿನವರೂ ಹಾಗೇ ಅಂದರು. ತಾಯಿ ಅಂದರೆ ಹೀಗಿರಬೇಕು, ಮಕ್ಕಳನ್ನು ಕೂರಿಸಿಕೊಂಡು ಕೆಲಸ ಕಲಿಸುತ್ತಾಳೆ ಎಂದು ಹೊಗಳಿದರು. ಅವಳೂ ನಂಬಿದಳು.

ಎಂಟು ವರ್ಷ ಹೀಗೆ ನಡೆಯಿತು. ದೇವೀರಿಯ ಮದುವೆಯಾಯಿತು. ಗಂಡನ ಮನೆ ದೊಡ್ಡದು, ಕೊಟ್ಟಿಗೆ ತುಂಬ ಹಸು, ಅಂಗಳದ ತುಂಬ ಮಕ್ಕಳು. ಆ ಮನೆಯಲ್ಲಿ ಒಂದು ರೂಢಿ ಇತ್ತು. ಹೊಸ ಸೊಸೆ ಬಂದ ಒಂಬತ್ತನೆಯ ದಿನ ಮನೆಯ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಮೊಸರು ಕಡೆಯಬೇಕು. ಬಂದ ಬೆಣ್ಣೆಯನ್ನು ತನ್ನ ಕೈಯಿಂದಲೇ ಅವರಿಗೆ ತಿನ್ನಿಸಬೇಕು. ಹಾಗೆ ತಿನ್ನಿಸಿದವಳಿಗೆ ಹಾಲು ಮೊಸರಿನ ಪಾರುಪತ್ಯ. ಮಕ್ಕಳು ಹಸಿವಾದರೆ ಅವಳ ಸೆರಗು ಹಿಡಿಯುತ್ತಾರೆ. ಅದು ಆಗದವಳಿಗೆ ಕೊಟ್ಟಿಗೆಯ ಕೆಲಸ.

ದೇವೀರಿ ಕುಳಿತಳು. ಮಕ್ಕಳು ಅಂಗೈ ಚಾಚಿಕೊಂಡು ಸುತ್ತ ಕುಳಿತವು. ಅವಳು ಎಳೆದಳು. ನೊರೆ ಬಂತು, ಮೊಸರು ಬಿಗಿಯಿತು, ಸದ್ದು ಬದಲಾಯಿತು. ಅಲ್ಲಿಗೆ ಅವಳ ಕೈ ನಿಂತಿತು. ಅವಳು ಹಿಂದಕ್ಕೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಗಾಬರಿಯಲ್ಲಿ ಮತ್ತೆ ಎಳೆದಳು, ಬೇಗ ಬೇಗ ಎಳೆದಳು. ಬೆಣ್ಣೆ ಕಲೆತುಹೋಯಿತು. ಮಕ್ಕಳು ಸ್ವಲ್ಪ ಹೊತ್ತು ಕಾದು, ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಎದ್ದು ಹೋದವು.

"ಬೆಣ್ಣೆಯವ್ವನ ಮಗಳಂತೆ! ಅವರವ್ವ ಇವಳಿಗೆ ನೆಕ್ಕೋದು ಮಾತ್ರ ಕಲಿಸಿರಬೇಕು," ಎಂದು ದೇವೀರಿಯ ಅತ್ತೆ ನಾಲ್ಕು ಜನರ ಮುಂದೆ ಅಂದಳು.

ಈ ಮಾತು ಗಾಳಿಯಲ್ಲಿ ತೇಲಿಕೊಂಡು ತವರಿಗೆ ಬಂತು. ತಾಯಿಗೆ ಮೈಯೆಲ್ಲ ಉರಿಯಿತು. ನನ್ನ ಮಗಳು ಹಾಲುಹಲ್ಲು ಉದುರುವ ಮೊದಲೇ ಹಗ್ಗ ಹಿಡಿದವಳು, ಅವಳಿಗೆ ಬರುವುದಿಲ್ಲ ಅನ್ನುವುದಕ್ಕೆ ಇವರು ಯಾರು ಎಂದು ಮರುದಿನವೇ ಹೊರಟು ಬೀಗರ ಮನೆಗೆ ಹೋದಳು. ಹೋದವಳು ನೀರು ಕೂಡ ಮುಟ್ಟಲಿಲ್ಲ. "ಬೀಗಿತ್ತಿ, ಮಕ್ಕಳನ್ನು ಕರೀರಿ. ಗಡಿಗೆ ಇಡಿ. ನನ್ನ ಮಗಳು ಕಡೀತಾಳೆ, ನೀವೇ ಕಣ್ಣಾರೆ ನೋಡಿ," ಎಂದಳು.

ಗಡಿಗೆ ಬಂತು. ಮಕ್ಕಳು ಬಂದವು. ಅಕ್ಕಪಕ್ಕದವರೂ ಬಂದು ಬಾಗಿಲಲ್ಲಿ ನಿಂತರು. ಇಂಥದಕ್ಕೆ ಜನ ಕರೆಯದೆಯೂ ಬರುತ್ತಾರೆ. ದೇವೀರಿ ಮಣೆಯ ಮೇಲೆ ಕುಳಿತಳು. ಅವಳ ತೋಳು ಎಷ್ಟು ಹದವಾಗಿ ಆಡಿತೆಂದರೆ ಅತ್ತೆಯ ಬಾಯಿ ಕೂಡ ಕಟ್ಟಿತು. ತಾಯಿ ಸೆರಗು ಬಿಗಿದುಕೊಂಡು ಹೆಮ್ಮೆಯಿಂದ ನಿಂತಿದ್ದಳು. ನೊರೆ ಎದ್ದಿತು. ಹಗ್ಗ ಭಾರವಾಯಿತು. ಸದ್ದು ಬದಲಾಯಿತು.

ದೇವೀರಿ ಎಳೆಯುವುದನ್ನು ನಿಲ್ಲಿಸಿದಳು. ಮಣೆಯ ಒಂದು ಬದಿಗೆ ಸರಿದು ಜಾಗ ಮಾಡಿದಳು. ಹಗ್ಗದ ಎರಡು ತುದಿಯನ್ನೂ ಸೇರಿಸಿ ತಾಯಿಯ ಕಡೆಗೆ ಚಾಚಿದಳು.

"ಹಿಡಿ ಅವ್ವ."

"ನೀನೇ ಎಳಿಯೇ!" ಎಂದು ತಾಯಿ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಇಷ್ಟು ವರ್ಷ ನನ್ನ ಪಕ್ಕದಲ್ಲೇ ಕೂತು ನೋಡಿಲ್ವೇನೇ?"

"ಇಲ್ಲಿಂದ ಮುಂದೆ ನಾನು ನೋಡಿದ್ದು ನಿನ್ನ ಬೆನ್ನು ಅವ್ವ."

ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮರುಳಯ್ಯ, ಈಗ ಕೇಳು. ಆ ಹೊತ್ತಿನಲ್ಲಿ ಅವಳು ಕೈಕಟ್ಟಿ ನಿಲ್ಲಬಹುದಿತ್ತು. ಬೆಣ್ಣೆ ಕೆಡುತ್ತಿತ್ತು. ಬಾಗಿಲಲ್ಲಿದ್ದವರು ನಗುತ್ತಿದ್ದರು. ಮಗಳು ಅಳುತ್ತಿದ್ದಳು. ಆದರೆ ಮರುದಿನ ಅದೇ ಮಣೆಯ ಮೇಲೆ ಕೂರಿಸಿ, ಇನ್ನೊಂದು ಗಡಿಗೆ ಕೆಡಿಸು ಮಗಳೇ, ಮತ್ತೊಂದು ಕೆಡಿಸು ಎನ್ನಬಹುದಿತ್ತು. ಬೀಗರ ಕಾಲಿಗೆ ಬಿದ್ದಾದರೂ ನಾಲ್ಕು ದಿನ ಅಲ್ಲೇ ಉಳಿಯಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಮಗಳ ಕಣ್ಣಂಚಿನಲ್ಲಿ ನೀರು ಕಂಡಿತು ಅಷ್ಟೇ. ಅವಳ ಕೈ ಅವಳ ಮಾತು ಕೇಳಲಿಲ್ಲ. ಹಗ್ಗ ಹಿಡಿಯಿತು.

ಅವಳು ಮಗಳ ಮುಂದೆ ಕುಳಿತಳು. ತಣ್ಣೀರು ಚಿಮುಕಿಸಿದಳು. ಹತ್ತು ಎಳೆತ, ಹನ್ನೆರಡು ಎಳೆತ. ಬೆಣ್ಣೆ ಕೂಡಿತು. ಎರಡು ಕೈ ಹಾಕಿ ತೆಗೆದಾಗ ಬಾಗಿಲಲ್ಲಿದ್ದವರು ಅಬ್ಬಾ ಎಂದರು. ಮಕ್ಕಳು ಅವಳ ಮೇಲೆ ಬಿದ್ದು ಅಂಗೈ ಚಾಚಿದವು. ಅಜ್ಜೀ ನಂಗೆ, ಅಜ್ಜೀ ನಂಗೆ ಎಂದು ಕೂಗಿದವು. ಒಂದು ಮಗುವೂ ದೇವೀರಿಯ ಕಡೆ ತಿರುಗಲಿಲ್ಲ.

ಅತ್ತೆ ನಕ್ಕಳು. "ನಿಮ್ಮ ಕೈ ಬಂಗಾರದ್ದು ಬೀಗಿತ್ತಿ, ಅದರಲ್ಲಿ ಎರಡು ಮಾತಿಲ್ಲ. ನಿಮ್ಮ ಮಗಳು ಸಗಣಿ ಬಾಚಲಿ ಬಿಡಿ. ಅದನ್ನ ಯಾರೂ ಕೈಯಿಂದ ಕಿತ್ಕೊಳ್ಳಲ್ಲ," ಎಂದಳು.

ದೇವೀರಿ ಎದ್ದು ಬುಟ್ಟಿ ತೆಗೆದುಕೊಂಡು ಕೊಟ್ಟಿಗೆಗೆ ಹೋದಳು. ತಾಯಿ ಹೊರಡುವಾಗ ಮಗಳು ಬಾಗಿಲಿಗೆ ಬಂದಳು. "ಹುಷಾರಾಗಿ ಹೋಗವ್ವ, ಬಿಸಿಲಿದೆ," ಎಂದಳು. ಬೇರೆ ಏನೂ ಅನ್ನಲಿಲ್ಲ. ಅಂದಿದ್ದರೆ ತಾಯಿಗೆ ಎಷ್ಟೋ ಹಗುರಾಗುತ್ತಿತ್ತು.

ಊರು ದಾಟಿದ ಮೇಲೆ ಅವಳು ಒಂದು ಬೇವಿನ ಮರದ ಕೆಳಗೆ ಕುಳಿತಳು. ಎರಡು ಅಂಗೈಯನ್ನೂ ತಿರುಗಿಸಿ ನೋಡಿಕೊಂಡಳು. ಬೆಣ್ಣೆಯ ಜಿಡ್ಡು ಇನ್ನೂ ಇತ್ತು. ಮಣ್ಣು ತೆಗೆದು ತಿಕ್ಕಿದಳು. "ಈ ಹಾಳು ಕೈ ಅರ್ಧ ಗಳಿಗೆ ಸುಮ್ಮನಿದ್ದಿದ್ದರೆ! ಅಯ್ಯೋ, ಅಂದೂ ಸುಮ್ಮನಿರಲಿಲ್ಲ, ಇಂದೂ ಸುಮ್ಮನಿರಲಿಲ್ಲ," ಎಂದು ಹಣೆ ಹಣೆ ಚಚ್ಚಿಕೊಂಡಳು. ದಾರಿಹೋಕರು ಏನಾಯಿತಮ್ಮ, ಯಾರು ಹೋದರು ಎಂದು ಕೇಳಿದರು. ಅವಳಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮಗಳು ಅಳಬಾರದು ಎಂದು ಎಂಟು ವರ್ಷ ಕಾಯ್ದವಳು ಅವಳು. ಆ ಅಳುವನ್ನೆಲ್ಲ ಕೂಡಿಟ್ಟು, ತಾನು ಒರೆಸಲಾಗದ ಮನೆಯಲ್ಲಿ ಮಗಳಿಗೆ ಕೊಟ್ಟು ಬಂದಿದ್ದಳು.

ಗುರುಗಳು ಕತೆ ಮುಗಿಸಿದರು. ಕೈಯಲ್ಲಿದ್ದ ತಂಬಿಗೆಯಿಂದ ಒಂದು ಗುಟುಕು ನೀರು ಕುಡಿದರು.

ಮರುಳಯ್ಯನಿಗೆ ತಡೆಯಲಾಗಲಿಲ್ಲ. "ಆಮೇಲೆ ದೇವೀರಿ ಕಲಿತಳೇ ಗುರುಗಳೇ? ಈ ಕತೆಯಿಂದ ನಾನು ತಿಳಿಯಬೇಕಾದ್ದು ಏನು? ಹೇಳಿ," ಎಂದ.

ಗುರುಗಳು ಹೇಳಲು ಬಾಯಿ ತೆರೆದರು. ಮಾತು ತುದಿನಾಲಿಗೆಗೆ ಬಂದಿತ್ತು. ಹಾಗೆಯೇ ಬಾಯಿ ಮುಚ್ಚಿಕೊಂಡರು. ಅವರ ಕಣ್ಣು ತುಂಬಿತ್ತು. ಆಮೇಲೆ ಹೇಳಿದರು:

"ಇಪ್ಪತ್ತೆರಡು ವರ್ಷ ನೀನು ಕೇಳಿದ್ದಕ್ಕೆಲ್ಲ ಕೇಳಿದ ಕೂಡಲೇ ಉತ್ತರ ಕೊಟ್ಟುಬಿಟ್ಟೆನಲ್ಲ ಮರುಳಯ್ಯ, ನಾನು ನಿನಗೆ ಮಾಡಿದ ಅನ್ಯಾಯ ಅದು."

ಮರುಳಯ್ಯ ಮತ್ತೇನನ್ನೂ ಕೇಳಲಿಲ್ಲ.