ಬಾಣಂತಿಯ ಮನೆಯ ಹಂಡೆ

"ಗುರುಗಳೇ, ಹೆಮ್ಮೆಯನ್ನು ಪೂರ್ತಿ ಬಿಡಬೇಕೆ?" ಎಂದು ಶಂಭುಲಿಂಗನೆಂಬ ಶಿಷ್ಯ ಕೇಳಿದ. "ಬಿಡಲು ನೋಡಿದೆ. ಒಳ್ಳೆಯ ಕೆಲಸವೊಂದು ಕೈಯಿಂದ ಆದ ದಿನ ಅದು ಮತ್ತೆ ಬಂದು ಕೂರುತ್ತದೆ."

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ಬಚ್ಚಲಮನೆಯ ತಾಮ್ರದ ಹಂಡೆ ಮಾಡುವುದರಲ್ಲಿ ಅವನಿಗೆ ಸಮನಾದವರಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. "ನಾನು ಮಾಡಿದ ಹಂಡೆಯಲ್ಲಿ ನಿಮ್ಮ ಮೊಮ್ಮಕ್ಕಳೂ ನೀರು ಕಾಯಿಸುತ್ತಾರೆ" ಎನ್ನುತ್ತಿದ್ದ. ಜನ ಅವನನ್ನು ಗರ್ವಿಷ್ಠ ಎಂದು ಆಡಿಕೊಳ್ಳುತ್ತಿದ್ದರು. ಹಂಡೆ ಬೇಕಾದಾಗ ಮಾತ್ರ ಅವನ ಬಾಗಿಲಿಗೇ ಬರುತ್ತಿದ್ದರು.

ಅವನು ಹಂಡೆ ಕೂರಿಸಿಕೊಟ್ಟ ಮನೆಯೊಂದರಲ್ಲಿ ಮಗಳು ಹೆತ್ತು ಐದು ದಿನವಾಗಿತ್ತು. ಒಂದು ಬೆಳಿಗ್ಗೆ ಹಂಡೆಯ ತಳ ಸೋರಿ ಒಲೆ ಆರಿಹೋಯಿತು. ಬಾಣಂತಿಗೂ ಕೂಸಿಗೂ ಎರೆಯಲು ಬಿಸಿನೀರಿಲ್ಲ. ಮನೆಯ ಅಜ್ಜಿ ಅಡುಗೆ ಪಾತ್ರೆಗಳಲ್ಲಿ ನೀರು ಕಾಯಿಸಲು ನೋಡಿದಳು. ಒಂದು ಕಾಯುವಷ್ಟರಲ್ಲಿ ಇನ್ನೊಂದು ತಣಿಯುತ್ತಿತ್ತು. ಬಾಣಂತಿ ಚಳಿಗೆ ನಡುಗುತ್ತಿದ್ದಳು. ಅಜ್ಜಿ ಕಂಚುಗಾರನಿಗೆ ಹೇಳಿಕಳಿಸಿದಳು.

ಅವನು ಬಂದು ಹಂಡೆಯ ತಳ ನೋಡಿದ. ಬೆಸುಗೆ ಬಿಟ್ಟಿತ್ತು. ನೀರು ತುಂಬದೆ ಬೆಂಕಿ ಹಾಕಿದ್ದಾರೆಂದು ಅವನಿಗೆ ತಿಳಿಯಿತು. ಅಷ್ಟರಲ್ಲಿ ನೆರೆಯವರು ಬಂದು ನಿಂತಿದ್ದರು. "ಕೊನೆಗೆ ಇವನ ಹಂಡೆಯೂ ಸೋರಿತು" ಎಂದು ನಕ್ಕರು. ಒಂದು ಮಾತು ಆಡಿದ್ದರೆ ಆ ನಗು ನಿಲ್ಲುತ್ತಿತ್ತು. ಅವನು ಆಡಲಿಲ್ಲ.

ಹೊಸ ಹಂಡೆ ಬಡಿಯಲು ಎಂಟು ದಿನ ಬೇಕು. ಅವನು ಓಡುತ್ತ ತನ್ನ ಮನೆಗೆ ಹೋದ. ತನ್ನ ಬಚ್ಚಲ ಒಲೆಯನ್ನು ಒಡೆದು ಅಲ್ಲಿದ್ದ ಹಂಡೆಯನ್ನು ಕಿತ್ತ. ಹೆಂಡತಿ ಗಾಬರಿಯಾದಳು. "ನಮ್ಮ ಸ್ನಾನಕ್ಕೆ ಏನು ಮಾಡೋಣ?" ಎಂದಳು.

"ಎಂಟು ದಿನ ಹೊಳೆಯಲ್ಲಿ ಮೀಯೋಣ" ಎಂದು ಹಂಡೆಯನ್ನು ತಲೆಯ ಮೇಲೆ ಹೊತ್ತು ಹೊರಟ.

ಸೋರುವ ಹಂಡೆಯನ್ನು ತೆಗೆದು ಇದನ್ನು ಒಲೆಗೆ ಕೂರಿಸಿದ. ಸುತ್ತಲೂ ಮಣ್ಣು ಮೆತ್ತಿದ. ತಾನೇ ನೀರು ಸೇದಿ ತುಂಬಿಸಿದ, ತಾನೇ ಬೆಂಕಿ ಹಚ್ಚಿದ. ಹೊತ್ತು ನೆತ್ತಿಗೆ ಬರುವ ಮುಂಚೆ ನೀರು ಕಾದಿತ್ತು. ತಾಯಿ ಮಿಂದಳು. ಕೂಸಿಗೂ ಎರೆದರು. ಅದು ಅತ್ತು ಅತ್ತು ನಿದ್ದೆಹೋಯಿತು.

ಆಗ ಅಜ್ಜಿ ಅವನ ಬಳಿ ಬಂದಳು. "ತಪ್ಪು ನನ್ನದೇ ಅಪ್ಪಾ. ನೀರು ಹೊಯ್ಯುವುದನ್ನು ಮರೆತು ಬೆಂಕಿ ಹಾಕಿದೆ, ತಳ ಕಾದ ಮೇಲೆ ನೆನಪಾಗಿ ಹೊಯ್ದೆ."

"ಗೊತ್ತು ತಾಯಿ. ಬಂದೊಡನೆ ಕಂಡಿತು."

"ಮತ್ತೆ ಅಷ್ಟು ಜನ ನಗುವಾಗ ಯಾಕೆ ಹೇಳಲಿಲ್ಲ?"

ಕಂಚುಗಾರ ಬೆನ್ನು ನೆಟ್ಟಗೆ ಮಾಡಿದ. "ನನ್ನ ಹಂಡೆಯಿರುವ ಮನೆಯಲ್ಲಿ ಬಾಣಂತಿ ನಡುಗುತ್ತಿದ್ದಳು. ತಪ್ಪು ಯಾರದೆಂದು ವಾದ ಮಾಡುತ್ತ ನಿಲ್ಲಲು ನಾನೇನು ಸಣ್ಣ ಕೆಲಸಗಾರನೇ?"

ಹೀಗೆಂದು, ಮೈಯೆಲ್ಲ ಮಸಿ ಮೆತ್ತಿಕೊಂಡೇ, ಬೀದಿಯ ನಡುವೆ ತಲೆಯೆತ್ತಿ ನಡೆದುಹೋದ.

ಗುರುಗಳು ನಿಲ್ಲಿಸಿದರು. "ಕೊನೆಗೂ ಅವನ ಹೆಮ್ಮೆ ಇಳಿಯಲೇ ಇಲ್ಲವಲ್ಲ, ಗುರುಗಳೇ?" ಎಂದ ಶಂಭುಲಿಂಗ.

"ಹೆಮ್ಮೆ ಇದೆಯೋ ಇಲ್ಲವೋ ಎಂದು ಹುಡುಕಬೇಡ, ಕರೆ ಬಂದಾಗ ಅದು ಎದ್ದು ಹೊರಡುತ್ತದೆಯೋ, ಕೂತು ಮಾತಾಡುತ್ತದೆಯೋ, ಅದನ್ನು ನೋಡು" ಎಂದರು ಗುರುಗಳು.