ಬಾಯಿಬಿಟ್ಟ ಬಾಗಿಲು

ಮರಳಿಗನೂರಿನ ಕೋಟೆಯಲ್ಲಿ ಈಗ ನೋಡಲು ಹೆಚ್ಚೇನೂ ಉಳಿದಿಲ್ಲ. ಹೆಬ್ಬಾಗಿಲು ಇದ್ದ ಕಡೆ ಬಸ್ಸಿನ ರಸ್ತೆ ಬಂದಿದೆ, ಅರಮನೆಯ ದಿಬ್ಬದ ಮೇಲೆ ಜಾಲಿ ಬೆಳೆದಿದೆ, ಕಣಜದ ಕಲ್ಲುಗಳು ಯಾರ್ಯಾರದೋ ಮನೆಯ ಪಾಯ ಸೇರಿವೆ. ಕೆಡದೆ ನಿಂತಿರುವುದು ಬಡಗಣ ಗೋಡೆಯ ಸಣ್ಣ ದಿಡ್ಡಿ ಬಾಗಿಲೊಂದೇ. ಇಬ್ಬರು ಜೊತೆಯಾಗಿ ನಡೆದರೆ ಭುಜ ತಾಗುವಷ್ಟು ಕಿರಿದು. ಅದನ್ನು ದಾಟಿ ಇಳಿದರೆ ಕೆರೆ. ಊರಿನವರು ಇದನ್ನು ಬಾಯಿಬಿಟ್ಟ ಬಾಗಿಲು ಎನ್ನುತ್ತಾರೆ. ಮೇಲ್ಗಲ್ಲು ಬಿರುಕುಬಿಟ್ಟು ಬಾಯಿ ತೆರೆದಂತೆ ಕಾಣುವುದರಿಂದ ಈ ಹೆಸರು ಬಂತೆಂದು ರಸ್ತೆ ಬದಿಯ ಫಲಕದಲ್ಲಿ ಬರೆದಿದೆ. ಆದರೆ ಆ ಕಲ್ಲು ಬಿರಿದದ್ದು ನಮ್ಮ ತಂದೆಯವರ ಕಾಲದಲ್ಲಿ, ಸಿಡಿಲು ಬಡಿದು. ಹೆಸರು ಅದಕ್ಕಿಂತ ಬಹಳ ಹಳೆಯದು. ಅದು ಹೇಗೆ ಬಂತೆಂದು ನಮ್ಮೂರಿನ ಹೆಂಗಸರನ್ನು ಕೇಳಿದರೆ ಹೇಳುತ್ತಾರೆ. ಗಂಡಸರನ್ನು ಕೇಳಿದರೆ ಫಲಕ ತೋರಿಸುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಗಾಳೆಪ್ಪನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಅವನ ಪಟ್ಟದ ಹೆಂಡತಿ ವೀರನಾಗತಿ. ತಾಯಿಯಿಲ್ಲದ ತಮ್ಮ ಮಲ್ಲರಾಜನನ್ನು ಅವಳು ಮಗನಂತೆ ಸಾಕಿ, ಬೆಳೆದ ಮೇಲೆ ಗಂಡನಿಗೆ ಹೇಳಿ ದಿಡ್ಡಿ ಬಾಗಿಲಿನ ಕಾವಲಿಗೆ ಹಾಕಿಸಿದ್ದಳು. ಅದು ಹಗುರದ ಕೆಲಸ. ಶತ್ರುಗಳು ಬರುವುದಾದರೆ ಹೆಬ್ಬಾಗಿಲಿಗೆ ಬರುತ್ತಿದ್ದರು, ದಿಡ್ಡಿಯಲ್ಲಿ ಓಡಾಡುತ್ತಿದ್ದವರು ಕೆರೆಗೆ ಹೋಗುವ ಹೆಂಗಸರು ಮಾತ್ರ. ಮಲ್ಲರಾಜ ಬಾಗಿಲಿನ ನಡುವೆ ನಿಲ್ಲುತ್ತಿದ್ದ, ಸರಿಯುತ್ತಿರಲಿಲ್ಲ. ತಲೆಯ ಮೇಲೆ ಕೊಡ ಹೊತ್ತವಳ ಎರಡೂ ಕೈ ಮೇಲಿರುತ್ತವೆ, ಅವಳು ಅವನಿಗೆ ಮೈ ಉಜ್ಜಿಕೊಂಡೇ ದಾಟಬೇಕು. ದಾಟುವಾಗ ಸೊಂಟ ಚಿವುಟುವುದು, ಸೆರಗು ಜಗ್ಗುವುದು, ಕೊಡದ ನೀರು ತುಳುಕಿ ಮೈ ತೊಯ್ದರೆ ಅದಕ್ಕೊಂದು ಮಾತು ಹೇಳುವುದು. ಬಾಗಿಲಿನ ಒಳಮಗ್ಗುಲಲ್ಲಿ ಒಂದು ಕಟ್ಟೆಯಿತ್ತು. ಊರಿನ ಹಿರಿಯರು ಸಂಜೆ ಅಲ್ಲಿ ಕುಳಿತು ಎಲೆಯಡಿಕೆ ಹಾಕುತ್ತಿದ್ದರು. ಅವರು ನೋಡಿ ನಗುತ್ತಿದ್ದರು. ಮಲ್ಲರಾಜನ ತಮಾಷೆ ಎಂದು ಅದಕ್ಕೊಂದು ಹೆಸರೇ ಬಿದ್ದಿತ್ತು. ಹೆಂಗಸರು ತಮ್ಮತಮ್ಮಲ್ಲೇ ದಾರಿ ಹುಡುಕಿಕೊಂಡಿದ್ದರು. ತಾಯಂದಿರು ಹೆಣ್ಣುಮಕ್ಕಳಿಗೆ ತಲೆ ತಗ್ಗಿಸಿ ಬೇಗ ನಡೆ ಎಂದು ಕಲಿಸಿದರು. ಹೊಸದಾಗಿ ಮದುವೆಯಾಗಿ ಬಂದವರು ಕೋಟೆಯನ್ನೆಲ್ಲ ಸುತ್ತಿ ಹೆಬ್ಬಾಗಿಲಿನಿಂದ ಕೆರೆಗೆ ಹೋದರು. ಯಾರೂ ಯಾರಿಗೂ ಏನೂ ಹೇಳಲಿಲ್ಲ.

ಬಣ್ಣಗಾರರ ಮನೆಗೆ ಸೊಸೆಯಾಗಿ ಬಂದ ಬಾಳವ್ವನಿಗೆ ಸುತ್ತಿ ಹೋಗುವ ಅನುಕೂಲವಿರಲಿಲ್ಲ. ನೀಲಿಯಲ್ಲಿ ಅದ್ದಿದ ನೂಲನ್ನು ಹೊತ್ತು ಮೀರುವ ಮೊದಲೇ ಕೆರೆಯಲ್ಲಿ ಜಾಲಾಡಿಸಬೇಕು, ಇಲ್ಲದಿದ್ದರೆ ಬಣ್ಣ ಮಚ್ಚೆಮಚ್ಚೆಯಾಗುತ್ತದೆ. ಅವಳ ಗಂಡ ಬಣ್ಣದ ನೂಲು ಹೊತ್ತು ಪರವೂರಿನ ಸಂತೆಗಳಿಗೆ ಹೋಗಿದ್ದ, ಮನೆಯಲ್ಲಿದ್ದವರು ಅವಳು ಮತ್ತು ಅತ್ತೆ ಸಂಕವ್ವ. ಒಂದು ದಿನ ಅವಳು ಹಸಿ ನೂಲಿನ ಹೊರೆ ಹೊತ್ತು ದಿಡ್ಡಿಗೆ ಬಂದಾಗ ಮಲ್ಲರಾಜ ಎಂದಿನಂತೆ ಅಡ್ಡ ನಿಂತ. ಅಂದು ಸೆರಗಿಗಷ್ಟೇ ನಿಲ್ಲದೆ ಎದೆಗೆ ಕೈಹಾಕಿದ. ಬಾಳವ್ವ ಹೊರೆಯನ್ನು ಅಲ್ಲೇ ಕೆಡವಿ ಎರಡೂ ಕೈಯಿಂದ ಅವನನ್ನು ದೂಡಿದಳು. ಅವನು ಗೋಡೆಗೆ ಹೋಗಿ ಬಡಿದ. ಅವನ ಬಿಳಿ ಅಂಗಿಯ ಮೇಲೆ ಎರಡು ನೀಲಿ ಅಂಗೈಗಳು ಅಚ್ಚೊತ್ತಿದಂತೆ ಮೂಡಿದವು.

ಅವಳು ಕಟ್ಟೆಯ ಕಡೆ ತಿರುಗಿ, "ನೋಡಿದ್ರಲ್ಲ?" ಎಂದಳು. ಹಿರಿಯರಲ್ಲಿ ಒಬ್ಬ ಎಲೆಗೆ ಸುಣ್ಣ ಸವರತೊಡಗಿದ. ಇನ್ನೊಬ್ಬ ಆಕಾಶ ನೋಡಿದ. ಅವರಲ್ಲಿ ಮುಖ್ಯನಾದ ಪಟ್ಟಣಶೆಟ್ಟಿ ಅಂದಾನಪ್ಪ ಮಾತ್ರ, "ನಾಳೆ ಬಾರವ್ವ, ಕೂತು ಮಾತಾಡೂಣು" ಎಂದ.

ಮರುದಿನ ಕೂತು ಮಾತಾಡಿದರು. ಮಲ್ಲರಾಜನೂ ಕಟ್ಟೆಯ ಮೇಲೆಯೇ ಕುಳಿತಿದ್ದ, ಬಾಳವ್ವ ಕೆಳಗೆ ನಿಂತಿದ್ದಳು. ಗಂಡ ಊರಲ್ಲಿಲ್ಲದ ಹೆಂಗಸು ಸಂಜೆಯಾಗುವಾಗ ಒಬ್ಬಳೇ ಏಕೆ ಬಂದಳೆಂದು ಒಬ್ಬರು ಕೇಳಿದರು. ಅಷ್ಟು ದಿನ ಸುಮ್ಮನಿದ್ದು ಈಗೇಕೆ ಎಂದು ಇನ್ನೊಬ್ಬರು ಕೇಳಿದರು. ಕೊನೆಗೆ ಅಂದಾನಪ್ಪ ಬಹಳ ನಯವಾಗಿ, "ಅಂಥಾದ್ದು ಏನಾತವ್ವ ನಿನಗ? ಸೀರಿ ಹರಿದಿಲ್ಲ, ಬಳಿ ಒಡೆದಿಲ್ಲ. ಗುರುತು ಇರೂದು ಅವನ ಅಂಗಿ ಮ್ಯಾಲೆ, ಅದೂ ನಿನ್ನ ಕೈದು. ಯಾರು ಯಾರನ್ನ ಮುಟ್ಟಿದ್ರು ಅಂತ ತಿಳಕೋಬೇಕು ನಾವು?" ಎಂದ. ಜನ ನಕ್ಕರು. ತೀರ್ಮಾನವೂ ಆಯಿತು. ಮಲ್ಲರಾಜ ಅವಳಿಗೊಂದು ಸೀರೆ ಕೊಡಬೇಕು. ಹೆಂಗಸರು ಇನ್ನು ಮುಂದೆ ಸಂಜೆ ಹೊತ್ತು ದಿಡ್ಡಿಯಲ್ಲಿ ಓಡಾಡಬಾರದು. ಅಂಗಿ ಕೆಟ್ಟದ್ದು ಬಾಳವ್ವನ ಕೈಯಿಂದಾದ್ದರಿಂದ ಅವಳೇ ಅದರ ಕಲೆ ತೆಗೆದುಕೊಡಬೇಕು.

ಅಂಗಿ ಮನೆಗೆ ಬಂತು. ಸಂಕವ್ವ ಅದನ್ನು ನೀರಿಗೆ ಹಾಕಲು ಹೋದಳು. "ಒಗೆದು ಕೊಟ್ಟು ಬಿಡವ್ವ, ಮುಗೀಲಿ. ಅರಮನಿ ಬಟ್ಟಿಗೆ ಬಣ್ಣ ಹಾಕಿ ಉಣ್ಣೋರು ನಾವು" ಎಂದಳು. ಬಾಳವ್ವ ಅತ್ತೆಯ ಕೈಯಿಂದ ಅಂಗಿಯನ್ನು ಕಿತ್ತುಕೊಂಡಳು. ಇಡೀ ದಿನ ಅವಳು ಒಳಗೂ ಹೊರಗೂ ತಿರುಗಾಡಿದಳು, ಒಲೆ ಹೊತ್ತಿಸಿ ಆರಿಸಿದಳು, ಬಣ್ಣದ ಗುಡಾಣದ ಮುಚ್ಚಳ ತೆಗೆದು ಹಾಕಿ ಮಾಡಿದಳು. ಕೊನೆಗೆ ಅಂಗಿಯನ್ನು ಮಡಿಚಿ ಬಗಲಲ್ಲಿಟ್ಟುಕೊಂಡು ನೇರವಾಗಿ ಅರಮನೆಗೆ, ಅದೂ ನಾಯಕನ ಹತ್ತಿರ ಹೋಗದೆ, ವೀರನಾಗತಿಯ ಹತ್ತಿರ ಹೋದಳು. ಅವನ ಅಕ್ಕನ ಬಳಿಗೇ ಹೋದದ್ದು ಧೈರ್ಯವೋ ತಲೆಕೆಟ್ಟದ್ದೋ ಎಂದು ಊರು ಬಹಳ ದಿನ ಮಾತಾಡಿಕೊಂಡಿತಂತೆ.

ನಾಗತಿ ಅಂಗಿಯನ್ನು ಹಾಸಿನ ಮೇಲೆ ಹರಡಿಸಿ ನೋಡಿದಳು. ಅದನ್ನು ತಮ್ಮನಿಗೆ ಹೊಲಿಸಿಕೊಟ್ಟವಳು ಅವಳೇ. ಅಂಗೈಯ ಬುಡ ದಟ್ಟವಾಗಿ, ಬೆರಳುಗಳು ಅಗಲವಾಗಿ ಮೇಲಕ್ಕೆ ಚಾಚಿಕೊಂಡು ಮೂಡಿದ್ದವು. ಅವಳು ತನ್ನ ಎರಡು ಕೈಗಳನ್ನು ಗುರುತಿನ ಮೇಲಿಟ್ಟು, ಮೆಲ್ಲಗೆ ಒತ್ತಿ, "ಇದು ದೂಡಿದ ಕೈ" ಎಂದಳು. ಬಾಳವ್ವನನ್ನು ಕೂರಿಸಿ, ತಾನು ಮಾತ್ರ ಕಂಬದಿಂದ ಕಂಬಕ್ಕೆ ನಡೆದಾಡಿದಳು. ತೊಟ್ಟಿಲಲ್ಲಿ ತೂಗಿದ ಹುಡುಗ ಅವನು. ದಾಸಿಯರು ನಾನಾ ನೆವ ಹೇಳಿ ದಿಡ್ಡಿಯ ಕಡೆಯ ಕೆಲಸ ತಪ್ಪಿಸಿಕೊಳ್ಳುತ್ತಿದ್ದದ್ದು ಅವಳಿಗೆ ಒಂದೊಂದಾಗಿ ನೆನಪಾಯಿತು ಎನ್ನುತ್ತಾರೆ. ಕೇಳಬೇಕಿತ್ತು, ಕೇಳಿರಲಿಲ್ಲ.

ನಾಗತಿಯ ಮಾತಿನ ಮೇಲೆ ನಾಯಕ ದಿಡ್ಡಿಯ ಮುಂದೆಯೇ ನ್ಯಾಯ ಕೂಡಿಸಿದ. ಊರಿಗೆ ಊರೇ ಸೇರಿತು. ಮಲ್ಲರಾಜ ತಪ್ಪು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ, ಅಕ್ಕನ ಮುಖವನ್ನೇ ನೋಡುತ್ತಿದ್ದ. ಅಕ್ಕ ಅಂಗಿಯನ್ನು ಎಲ್ಲರ ಮುಂದೆ ಹರಡಿಸಿದಳು. ಶಿಕ್ಷೆ ಏನೆಂಬ ಮಾತು ಬಂದಾಗ ಗದ್ದಲವೆದ್ದಿತು. ದಂಡ ಹಾಕಿ ಬಿಡಿ, ಅರಮನೆಯ ಹುಡುಗ ಎಂದರು ಕೆಲವರು. ತಲೆ ಬೋಳಿಸಿ ಕತ್ತೆಯ ಮೇಲೆ ಮೆರವಣಿಗೆ ಮಾಡಿಸಿ ಎಂದರು ಕೆಲವರು. ನಾಯಕ, ಮುಟ್ಟಿದ ಕೈಯನ್ನು ಕಡಿಯುವುದೇ ಹಿಂದಿನಿಂದ ಬಂದ ಕಟ್ಟಳೆ ಎಂದು ಹೇಳಿ, ಬಾಳವ್ವನ ಕಡೆ ನೋಡಿ, "ನಿನಗ ಸಮಾಧಾನ ಆಗೂದು ಯಾವುದು?" ಎಂದು ಕೇಳಿದ.

ಬಾಳವ್ವ ಹೇಳಿದಳು: "ಕೈ ಕಡಿದ್ರ ನಾಳಿಂದ ಊರೆಲ್ಲ ಅವನ ಕೈ ಹೋದ ಸುದ್ದಿ ಆಡತೈತಿ ಧಣಿ. ಪಾಪ ಅಂತೈತಿ. ಅವನು ಏನು ಮಾಡಿದ್ದ ಅನ್ನೂದು ಯಾರ ಬಾಯಾಗೂ ಬರೂದಿಲ್ಲ. ನನಗ ಅವನ ಕೈ ಬ್ಯಾಡ. ಇದ ಬಾಗಿಲಾಗ ನಿಂತು, ಏನೇನು ಮಾಡಿದ್ನೋ ಅವನೇ ಬಾಯಿಬಿಡಲಿ. ಯಾವ ಹೆಣ್ಣಿನ ಹೆಸರೂ ಎತ್ತಬಾರದು. ತನ್ನ ಕೆಲಸ ಅಷ್ಟ ಹೇಳಬೇಕು. ಇವರೆಲ್ಲ ಕೂತು ಕೇಳಬೇಕು."

ಇಷ್ಟೇನಾ ಎಂದರು ಹಲವರು. ಮಾತಾಡಿಸಿ ಬಿಡುವುದೂ ಒಂದು ಶಿಕ್ಷೆಯೇ ಎಂದು ಗೊಣಗಿದರು. ಆದರೆ ನಾಯಕ ಒಪ್ಪಿದ. ಮಲ್ಲರಾಜ ಬಾಗಿಲಲ್ಲಿ ನಿಂತ, ಮೊದಲು ನಗುತ್ತಲೇ ಶುರುಮಾಡಿದ. ಗಾಳಿಗೆ ಸೆರಗು ಹಾರಿತು, ನಾನು ಹಿಡಿದೆ ಎಂದ. ನಾಗತಿ, "ಮೊದಲಿಂದ ಹೇಳು" ಎಂದಳು. ಜಾಗ ಕಿರಿದು, ಕೈ ತಾಗಿತು ಎಂದ. "ಮೊದಲಿಂದ ಹೇಳು" ಎಂದಳು ಅವಳು ಮತ್ತೆ. ಬಿಸಿಲು ಏರಿತು. ಅವನ ನಗು ಬತ್ತಿತು, ತುಟಿ ಒಣಗಿತು. ಕಡೆಗೆ ಅವನು ನೆಲ ನೋಡುತ್ತ ಸೊಂಟ ಚಿವುಟಿದ್ದನ್ನು, ಅಡ್ಡ ನಿಂತದ್ದನ್ನು, ಎದೆಗೆ ಕೈಹಾಕಿದ್ದನ್ನು, ಹೆದರಿದವರನ್ನೇ ಹುಡುಕಿ ಹಿಡಿಯುತ್ತಿದ್ದದ್ದನ್ನು ಉಗ್ಗುತ್ತ ಉಗ್ಗುತ್ತ ಹೇಳತೊಡಗಿದ. ಕೇಳುತ್ತಿದ್ದ ಗಂಡಸರು ಕುಳಿತಲ್ಲಿ ಕಾಲು ಬದಲಿಸಿದರು. ತಮಾಷೆ ಎಂದು ಕರೆದದ್ದು ಅವನ ಬಾಯಿಂದ ಬರುವಾಗ ತಮಾಷೆಯಂತೆ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಅವನು ತಲೆಯೆತ್ತಿ ಕಟ್ಟೆಯ ಕಡೆ ನೋಡಿದ.

"ನಾ ಒಬ್ಬನ ಅಲ್ಲ. ನಾ ಹಿಡಿದಾಗ ಇವರು ನಕ್ಕರು. ನಕ್ಕರಂತ ಮರುದಿನಾನೂ ಹಿಡಿದೆ. ಯಾವಾಕಿ ಒಬ್ಬಾಕಿ ಬರತಾಳ, ಯಾರ ಗಂಡ ಊರಾಗಿಲ್ಲ ಅಂತ ನನಗ ಹೇಳತಿದ್ದೋರು..."

ಮುಂದಿನ ಮಾತು ಕೇಳಿಸಲಿಲ್ಲ. ಕಟ್ಟೆಯ ಹಿರಿಯರೆಲ್ಲ ಒಮ್ಮೆಲೇ ಎದ್ದರು. ಅಂಥಾದ್ದು ಏನಾತವ್ವ ಎಂದಿದ್ದ ಅಂದಾನಪ್ಪನೇ ಎಲ್ಲರಿಗಿಂತ ಗಟ್ಟಿಯಾಗಿ, "ಇನ್ನೇನು ಕೇಳೂದೈತಿ? ಕೈ ಕಡೀರಿ! ತಲಿ ಹೊಡೀರಿ! ಹೆಣ್ಣುಮಕ್ಕಳ ಮಾನ ಕಳದ ಪಾಪಿ!" ಎಂದು ಕೂಗಿದ. ಕೂಗಿಗೆ ಕೂಗು ಸೇರಿತು. ಆ ಗದ್ದಲದಲ್ಲಿ ಗಂಡಸರ ಗುಂಪಿನಿಂದ ಒಂದು ಕಲ್ಲು ಬಂದು ಮಲ್ಲರಾಜನ ಬಾಯಿಗೆ ಬಡಿಯಿತು. ಹಲ್ಲು ಮುರಿದು, ತುಟಿ ಸೀಳಿ, ಅವನು ಮುಖ ಮುಚ್ಚಿಕೊಂಡು ಕುಸಿದ. ನ್ಯಾಯ ಆತು, ನ್ಯಾಯ ಆತು ಎಂದು ಜನ ಏಳತೊಡಗಿದರು.

ಬಾಳವ್ವ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತಳು. "ಯಾರೂ ಏಳಬ್ಯಾಡ್ರಿ! ಆ ಕಲ್ಲು ನನ್ನ ಸಲುವಾಗಿ ಒಗೆದದ್ದಲ್ಲ. ಅವನ ಬಾಯಿ ಮುಚ್ಚಾಕ ಒಗೆದದ್ದು. ಅವನು ಹೇಳದ ಉಳಿದದ್ದನ್ನ ನಾ ಹೇಳತೀನಿ" ಎಂದಳು. ಬಾಗಿಲಿನ ಎಡಗಂಬಕ್ಕೆ ಕೈಯೂರಿ ನಿಂತು ಹೇಳಿದಳು. ಯಾರು ನಕ್ಕರು, ಯಾರು ಮುಖ ತಿರುಗಿಸಿದರು, ಅಂಗಿ ಒಗೆದುಕೊಡು ಎಂದು ಯಾರು ತೀರ್ಮಾನ ಕೊಟ್ಟರು ಎಂಬುದನ್ನೆಲ್ಲ ಹೇಳಿದಳು. ಹೇಳುವಾಗ ಅವಳ ಧ್ವನಿ ಎಲ್ಲೂ ನಡುಗಲಿಲ್ಲ ಎಂದು ಕೆಲವರೆನ್ನುತ್ತಾರೆ. ನಮ್ಮ ಸೋದರತ್ತೆ ಮಾತ್ರ, ಉದ್ದಕ್ಕೂ ನಡುಗಿತು, ಆದರೂ ಹೇಳಿದಳು ಎನ್ನುತ್ತಿದ್ದರು.

ಅವಳು ಮುಗಿಸಿದಾಗ ಹೆಂಗಸರ ಗುಂಪಿನಿಂದ ಎದ್ದು ಬಂದವಳು ಅತ್ತೆ ಸಂಕವ್ವ. ಸೊಸೆಯನ್ನು ಕರೆದೊಯ್ಯಲು ಬಂದಳೆಂದು ಎಲ್ಲರೂ ಎಣಿಸಿದರು. ಅವಳು ಸೊಸೆಯ ಪಕ್ಕದಲ್ಲಿ ನಿಂತು ಅದೇ ಕಂಬಕ್ಕೆ ಕೈಯೂರಿದಳು. "ನಾ ಇವಳಷ್ಟು ಇದ್ದಾಗ ಈ ಬಾಗಿಲಿಗೆ ಬ್ಯಾರೆ ಕಾವಲಿನವ ಇದ್ದ" ಎಂದು ಶುರುಮಾಡಿದಳು. ಗಂಡ, ಮಗ, ಯಾರಿಗೂ ಹೇಳದೆ ತಲೆ ನರೆಯುವ ತನಕ ಇಟ್ಟುಕೊಂಡಿದ್ದ ಮಾತು ಅದು. ಅವಳ ನಂತರ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು. ಕೆಲವರು ಬಾಗಿಲಿನ ಮಾತು ಬಿಟ್ಟು ಹೊಲದ ಮಾತು, ಕಣದ ಮಾತು, ಮನೆಯೊಳಗಿನ ಮಾತನ್ನೂ ಹೇಳಿದರು. ಅರಮನೆಯ ಮುದಿ ದಾಸಿಯೊಬ್ಬಳು ನಾಯಕನ ತಂದೆಯ ಕಾಲದ ಕುದುರೆಲಾಯದ ಮಾತೆತ್ತಿದಾಗ ನಾಯಕನೂ ಆಸನದಲ್ಲಿ ಮೈ ಸರಿಸಿ ಕುಳಿತ. ಎದ್ದು ಹೋಗುವಂತಿರಲಿಲ್ಲ, ನಾಗತಿ ಅವನ ಪಕ್ಕದಲ್ಲೇ ಕದಲದೆ ಕುಳಿತಿದ್ದಳು.

ಅಂದಾನಪ್ಪನ ಪಟ್ಟಣಶೆಟ್ಟಿತನ ಅಂದೇ ಹೋಯಿತು. ನಕ್ಕವರು ಇನ್ನೆಂದೂ ನ್ಯಾಯಕ್ಕೆ ಕೂರಬಾರದೆಂದು ಕಟ್ಟಳೆಯಾಯಿತು, ಕಟ್ಟೆಯನ್ನು ಕೀಳಿಸಲಾಯಿತು. ದಿಡ್ಡಿಯ ಕದ ತೆಗೆಸಿ, ಅಲ್ಲಿ ಕಾವಲೇ ಬೇಡವೆಂದು ನಾಯಕ ಹೇಳಿದ. ಮಲ್ಲರಾಜನನ್ನು ಸೀಮೆಯಿಂದ ಹೊರಗಟ್ಟಿದರು. ಅವನು ಕಾಲಿಡುವ ಪ್ರತಿ ಊರಿನಲ್ಲಿ ಅವನು ಯಾರು, ಏಕೆ ಬಂದ ಎಂದು ಸಾರುವವನೊಬ್ಬ ಗಡಿಯವರೆಗೂ ಮುಂದೆ ನಡೆದ. ಹೊರಡುವಾಗ ನಾಗತಿ ಅವನಿಗೆ ತನ್ನ ಕೈಯಾರೆ ಬುತ್ತಿ ಕಟ್ಟಿಕೊಟ್ಟಳು, ಮುಖ ಮಾತ್ರ ನೋಡಲಿಲ್ಲ. ಕಲ್ಲೆಸೆದವನನ್ನೂ ಹುಡುಕಿ ನಿಲ್ಲಿಸಬೇಕೆಂದು ಬಾಳವ್ವ ಬಿಡದೆ ಕೇಳಿದಳು. ಹುಡುಕಿದರು, ಸಿಗಲಿಲ್ಲ. ಅದು ಇವರ ಮನೆಯ ಹಿರಿಯನೆಂದು ಅವರು, ಅವರ ಮನೆಯವನೆಂದು ಇವರು ಈಗಲೂ ಮಾತು ಬಂದಾಗ ಹೇಳಿಕೊಳ್ಳುತ್ತಾರೆ. ಶಿಕ್ಷೆ ಕಡಿಮೆಯಾಯಿತೋ ಹೆಚ್ಚಾಯಿತೋ ಎಂಬ ವಾದವೂ ನಮ್ಮೂರಿನಲ್ಲಿ ಮುಗಿದಿಲ್ಲ. ಬಾಯಿಬಿಟ್ಟದ್ದು ಮಲ್ಲರಾಜನೋ ಹೆಂಗಸರೋ ಎಂಬುದಕ್ಕೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ನೋಡಲು ಬಂದವರು ಇಂದಿಗೂ ಬಾಗಿಲಿನ ಒಂದು ವಿಚಿತ್ರವನ್ನು ಕಂಡು ಕೇಳುತ್ತಾರೆ. ಬಲಗಂಬ ಒರಟಾಗಿ, ಬೂದುಬಣ್ಣಕ್ಕೆ ತಿರುಗಿ, ಚಕ್ಕೆಯೇಳುತ್ತಿದೆ. ಎಡಗಂಬದಲ್ಲಿ, ಹೆಂಗಸಿನ ಕೈ ನಿಲುಕುವ ಎತ್ತರಕ್ಕೆ, ಕಲ್ಲು ಕಪ್ಪಗೆ ನುಣುಪಾಗಿ ಹೊಳೆಯುತ್ತದೆ. ಎಣ್ಣೆ ಹಚ್ಚಿ ಪೂಜೆ ಮಾಡುತ್ತಾರೆಯೇ ಎಂದು ಕೇಳುವವರಿದ್ದಾರೆ. ಇಲ್ಲ, ಅಲ್ಲಿ ಪೂಜೆಯೇನೂ ನಡೆಯುವುದಿಲ್ಲ. ಹೇಳುವುದು ಇದ್ದವಳು ಬಂದು ಕೈಯೂರಿ ನಿಲ್ಲುತ್ತಾಳೆ, ಆಗ ಅಲ್ಲಿರುವವರು ನಿಂತು ಕೇಳಬೇಕು, ಅಷ್ಟೇ ರೂಢಿ. ನಮ್ಮ ಬಿಸಿಲಿಗೂ ಗಾಳಿಗೂ ಯಾರೂ ಮುಟ್ಟದ ಕಲ್ಲು ಬೇಗ ಒರಟಾಗಿಬಿಡುತ್ತದೆ. ಎಡಗಂಬ ಇನ್ನೂ ಒರಟಾಗಿಲ್ಲ. ನಾನು ಬೆಳಿಗ್ಗೆ ಕೆರೆಯ ಕಡೆ ಹೋಗುವಾಗಲೆಲ್ಲ ಅದನ್ನು ನೋಡುತ್ತೇನೆ. ಅದರ ಹೊಳಪು ಒಂದು ವರ್ಷವಾದರೂ ಮಾಸಲಿ ಎಂದುಕೊಳ್ಳುತ್ತೇನೆ.